ಬೆಂಗಳೂರು ದಂಡಿನ ಪೂರ್ವಸೀಮೆಯ ಪ್ರಾಚೀನ ಜನಜೀವನ: ಪುರಾತತ್ತ್ವ ಹಾಗೂ ಪ್ರಾಚೀನ ಡಿಎನ್‌ಎ ಅಧ್ಯಯನಕ್ಕೊಂದು ಸಂಶೋಧನ ಪೀಠದ ಅಗತ್ಯ

೧. ಪ್ರಸ್ತಾವನೆ

ಬೆಂಗಳೂರಿನ ಚರಿತ್ರೆಯನ್ನು ಕುರಿತ ಬರಹಗಳಲ್ಲಿ ನಗರದ ಪೂರ್ವಭಾಗದ ಕಥನವು ಸಾಮಾನ್ಯವಾಗಿ ೧೮೦೯ರಿಂದ ಆರಂಭವಾಗುತ್ತದೆ. ಹಲಸೂರಿನ ಬಳಿ ಬ್ರಿಟಿಷರ ಸೇನಾನೆಲೆ ಸ್ಥಾಪಿತವಾದ ವರ್ಷ ಅದು. ಆ ನೆಲೆಯನ್ನು ಜನರು ‘ದಂಡು’ ಎಂದು ಕರೆದರು. ಬ್ಲ್ಯಾಕ್‌ಪಲ್ಲಿ ಎಂದು ಹೆಸರಾಗಿದ್ದ ಇಂದಿನ ಶಿವಾಜಿನಗರ, ಫ್ರೇಜರ್ ಟೌನ್, ಕಾಕ್ಸ್ ಟೌನ್ ಮೊದಲಾದ ವಸತಿಗಳು ಅದರ ಆಶ್ರಯದಲ್ಲಿ ಬೆಳೆದವು. ೧೮೮೧ರಲ್ಲಿ ಮೈಸೂರು ಸಂಸ್ಥಾನವನ್ನು ಒಡೆಯರ ಮನೆತನಕ್ಕೆ ಹಿಂದಿರುಗಿಸಿದಾಗ ಈ ಪ್ರದೇಶವು ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂಬ ಹೆಸರಿನಲ್ಲಿ ಬ್ರಿಟಿಷರ ಆಡಳಿತದಲ್ಲಿಯೇ ಉಳಿಯಿತು. ೧೯೪೭ರ ಜುಲೈ ೨೬ರಂದು ಅದು ಸಂಸ್ಥಾನಕ್ಕೆ ಮರಳಿತು. ೧೯೪೯ರಲ್ಲಿ ನಗರಪಾಲಿಕೆಯ ರಚನೆಯೊಡನೆ ಪೇಟೆ ಹಾಗೂ ದಂಡುಗಳು ಒಂದೇ ಆಡಳಿತದ ಅಡಿಯಲ್ಲಿ ಬಂದವು.

ಈ ಕಥನದಲ್ಲಿ ತಪ್ಪಿಲ್ಲ. ಆದರೆ ಅದು ಬಹಳ ತಡವಾಗಿ ಆರಂಭವಾಗುತ್ತದೆ. ಹಲಸೂರು, ದೊಮ್ಮಲೂರು, ಕೃಷ್ಣರಾಜಪುರ, ಹೊಸಕೋಟೆಗಳನ್ನೊಳಗೊಂಡ ಪೂರ್ವಸೀಮೆಯಲ್ಲಿ ದಂಡು ಬರುವುದಕ್ಕೆ ಬಹು ಹಿಂದೆಯೇ ಜನವಸತಿ ಇದ್ದಿತು. ಅದಕ್ಕೆ ಶಾಸನ, ನಾಣ್ಯ ಹಾಗೂ ಗೋರಿಗಳೆಂಬ ಮೂರು ಬಗೆಯ ಆಧಾರಗಳಿವೆ. ಶಾಸನವು ದಾನ ನೀಡಿದವರ ಹೆಸರನ್ನು ಹೇಳುತ್ತದೆ. ನಾಣ್ಯವು ವ್ಯಾಪಾರದ ದಾರಿಯನ್ನು ಸೂಚಿಸುತ್ತದೆ. ಗೋರಿಯೊಂದೇ ಆ ಕಾಲದ ಮನುಷ್ಯರ ದೇಹಾವಶೇಷವನ್ನು ಉಳಿಸಿಕೊಂಡಿರುವ ಆಧಾರ. ಎಲುಬು ಮತ್ತು ಹಲ್ಲುಗಳಿಂದ ಪ್ರಾಚೀನ ಡಿಎನ್‌ಎಯನ್ನು ಬೇರ್ಪಡಿಸಿ ಓದುವ ವಿಧಾನವು ಈ ಶತಮಾನದಲ್ಲಿ ಬೆಳೆದು ನಿಂತಿರುವುದರಿಂದ ಈ ಮೂರನೆಯ ಆಧಾರದ ಬೆಲೆ ಈಗ ಹೆಚ್ಚಿದೆ. ಬೆಂಗಳೂರು ಪೂರ್ವಸೀಮೆಯ ಪ್ರಾಚೀನ ಅವಶೇಷಗಳನ್ನೂ ಅವುಗಳ ಅಧ್ಯಯನಕ್ಕೆ ನಾಡಿನಲ್ಲಿ ದೊರೆತ ಸಾಂಸ್ಥಿಕ ಆಸರೆಯನ್ನೂ ಪರಿಶೀಲಿಸಿ, ಪುರಾತತ್ತ್ವ ಮತ್ತು ಪ್ರಾಚೀನ ಡಿಎನ್‌ಎಗಳನ್ನು ಒಟ್ಟಾಗಿ ನಿರ್ವಹಿಸುವ ವಿಶ್ವವಿದ್ಯಾನಿಲಯದ ಸಂಶೋಧನ ಪೀಠವೊಂದರ ಸ್ವರೂಪವನ್ನು ನಿರೂಪಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

೨. ಪೂರ್ವಸೀಮೆಯ ಆಧಾರಗಳು

ಶಾಸನಗಳ ವಿಷಯದಲ್ಲಿ ಈ ಪ್ರದೇಶ ಸಮೃದ್ಧವಾಗಿದೆ. ಬೇಗೂರಿನ ನಾಗೇಶ್ವರ ದೇವಾಲಯದಲ್ಲಿರುವ ಸುಮಾರು ಕ್ರಿ.ಶ. ೮೯೦ರ ಹಳಗನ್ನಡ ವೀರಗಲ್ಲು ಬೆಂಗಳೂರು ಎಂಬ ಹೆಸರನ್ನು ಕಾಳಗದ ಸಂದರ್ಭದಲ್ಲಿ ಉಲ್ಲೇಖಿಸುತ್ತದೆ. ದೊಮ್ಮಲೂರಿನ ಚೊಕ್ಕನಾಥಸ್ವಾಮಿ ದೇವಾಲಯದ ತಮಿಳು ಶಾಸನಗಳಲ್ಲಿ ಆ ಊರಿಗೆ ದೇಸಿಮಾಣಿಕ್ಕಪಟ್ಟಣ ಎಂಬ ಇನ್ನೊಂದು ಹೆಸರಿದೆ. ಪಟ್ಟಣವೆಂಬ ಮಾತೇ ಅಲ್ಲಿ ವರ್ತಕರ ನೆಲೆಯೊಂದಿದ್ದುದನ್ನು ಸೂಚಿಸುತ್ತದೆ. ಗಂಗರು, ಚೋಳರು, ಹೊಯ್ಸಳರು, ವಿಜಯನಗರದ ಅರಸರು, ಅನಂತರ ಯಲಹಂಕ ನಾಡಪ್ರಭುಗಳು ಒಬ್ಬರಾದ ಮೇಲೊಬ್ಬರು ಈ ಸೀಮೆಯನ್ನು ಆಳಿದರು. ಹಲಸೂರಿನ ಸೋಮೇಶ್ವರ ದೇವಾಲಯದ ಕಟ್ಟಡವೇ ಒಂದಕ್ಕಿಂತ ಹೆಚ್ಚು ಕಾಲಘಟ್ಟಗಳ ಸೇರ್ಪಡೆಗಳನ್ನು ತೋರಿಸುತ್ತದೆ. ಕನ್ನಡ, ತಮಿಳು, ತೆಲುಗು ಭಾಷೆಗಳು ಇಲ್ಲಿ ಅಕ್ಕಪಕ್ಕದಲ್ಲಿ ಬಳಕೆಯಾದದ್ದು ದಂಡಿನ ಕಾಲದ ಹೊಸ ಸಂಗತಿಯೇನೂ ಅಲ್ಲ.

ಶಾಸನಗಳಿಗಿಂತ ಹಿಂದಿನ ಕಾಲಕ್ಕೆ ಸೇರಿದವು ರೋಮನ್ ನಾಣ್ಯಗಳು. ೧೮೯೧ರಲ್ಲಿ ಯಶವಂತಪುರದಲ್ಲಿ ರೈಲ್ವೆ ಕಾಮಗಾರಿಗಾಗಿ ನೆಲ ಅಗೆಯುವಾಗ ಬೆಳ್ಳಿಯ ರೋಮನ್ ನಾಣ್ಯಗಳ ನಿಧಿಯೊಂದು ದೊರೆಯಿತು. ೧೯೬೫ರಲ್ಲಿ ಎಚ್‌ಎಎಲ್ ವಿಮಾನ ನಿಲ್ದಾಣದ ಪ್ರದೇಶದಲ್ಲಿ, ಅಂದರೆ ಇಂದಿರಾನಗರಕ್ಕೆ ತಾಗಿಕೊಂಡಂತಿರುವ ನೆಲದಲ್ಲಿ, ಇನ್ನೊಂದು ನಿಧಿ ಹೊರಬಂದಿತು. ಎರಡರಲ್ಲಿಯೂ ಆಗಸ್ಟಸ್, ಟೈಬೀರಿಯಸ್, ಕ್ಲಾಡಿಯಸ್ ಚಕ್ರವರ್ತಿಗಳ ನಾಣ್ಯಗಳಿದ್ದವು. ಕ್ರಿಸ್ತಶಕದ ಮೊದಲನೆಯ ಶತಮಾನದ ಹೊತ್ತಿಗೆ ಕಡಲತೀರದಿಂದ ದೂರವಿದ್ದ ಈ ಪ್ರಸ್ಥಭೂಮಿ ಹೊರಜಗತ್ತಿನ ವ್ಯಾಪಾರದೊಡನೆ ಸಂಬಂಧ ಹೊಂದಿತ್ತೆಂಬುದಕ್ಕೆ ಇವು ನೇರ ಸಾಕ್ಷಿಗಳು.

ಆ ವ್ಯಾಪಾರದಲ್ಲಿ ಪಾಲುಗೊಂಡ ಸ್ಥಳೀಯ ಜನರು ಯಾರು ಎಂಬ ಪ್ರಶ್ನೆಯು ಬೃಹತ್ ಶಿಲಾ ಸಂಸ್ಕೃತಿಯ ಕಡೆಗೆ ಒಯ್ಯುತ್ತದೆ. ಸರ್ವೇಕ್ಷಣ ಇಲಾಖೆಯ ಅಧಿಕಾರಿ ಬ್ರ್ಯಾನ್‌ಫಿಲ್ ೧೮೮೧ರಲ್ಲಿ ಸಾವನದುರ್ಗದ ಕಲ್ಲುಗೋರಿಗಳನ್ನು ಕುರಿತು ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಬರೆದರು. ನಗರದ ಉತ್ತರದ ಚಿಕ್ಕಜಾಲದಲ್ಲಿಯೂ ಇಂಥ ಗೋರಿಗಳಿವೆ. ಪೂರ್ವಸೀಮೆಯ ಮಟ್ಟಿಗೆ ಮುಖ್ಯವಾದುದು ಕೃಷ್ಣರಾಜಪುರದಿಂದ ಮುಂದೆ ಹೊಸಕೋಟೆ ತಾಲ್ಲೂಕಿಗೆ ಸೇರಿದ ಜಡಿಗೇನಹಳ್ಳಿ. ಎಂ. ಶೇಷಾದ್ರಿಯವರು ೧೯೫೭ರಲ್ಲಿ ಅಲ್ಲಿ ಉತ್ಖನನ ನಡೆಸಿ, ೧೯೬೦ರಲ್ಲಿ ಅದರ ವರದಿಯನ್ನು ಪ್ರಕಟಿಸಿದರು. ಕಬ್ಬಿಣದ ಉಪಕರಣ, ಕಪ್ಪು-ಕೆಂಪು ಮಡಕೆ, ಕಲ್ಲಿನಿಂದ ಆವೃತವಾದ ಗೋರಿ ಎಂಬ ಲಕ್ಷಣಗಳಿಂದ ಗುರುತಿಸಲಾಗುವ ಈ ಸಂಸ್ಕೃತಿಯು ದಕ್ಷಿಣ ಭಾರತದಲ್ಲಿ ಕ್ರಿಸ್ತಪೂರ್ವ ಒಂದನೆಯ ಸಹಸ್ರಮಾನವನ್ನು ಪೂರ್ಣವಾಗಿ ವ್ಯಾಪಿಸಿದೆ. ರೋಮನ್ ನಾಣ್ಯಗಳು ಬಂದುದು ಅದರ ಕೊನೆಯ ಘಟ್ಟದಲ್ಲಿ.

೩. ಅಧ್ಯಯನದ ಸಂಸ್ಥೆಗಳು, ಹುದ್ದೆಗಳು

ಈ ಅವಶೇಷಗಳ ಅಧ್ಯಯನಕ್ಕೆ ಬೇಕಾದ ಸಂಸ್ಥೆಗಳಲ್ಲಿ ಮೊದಲನೆಯವು ಕೆಲವು ದಂಡಿನ ನೆಲದಲ್ಲಿಯೇ ಹುಟ್ಟಿದವು. ಎಡ್ವರ್ಡ್ ಬಾಲ್ಫೋರ್ ಅವರ ಪ್ರಯತ್ನದಿಂದ ೧೮೬೫ರಲ್ಲಿ ಸ್ಥಾಪಿತವಾದ ಸರ್ಕಾರಿ ವಸ್ತುಸಂಗ್ರಹಾಲಯ ಮೊದಲಿಗೆ ಇದ್ದುದು ಇಂದಿನ ಮ್ಯೂಸಿಯಂ ರಸ್ತೆಯಲ್ಲಿ. ಆ ರಸ್ತೆಗೆ ಹೆಸರು ಬಂದುದೂ ಅದರಿಂದಲೇ. ಅನಂತರ ಅದು ಕಬ್ಬನ್ ಉದ್ಯಾನದ ಅಂಚಿನ ಈಗಿನ ಕಟ್ಟಡಕ್ಕೆ ಸ್ಥಳಾಂತರವಾಯಿತು. ೧೯೦೯ರಲ್ಲಿ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ನಿನ ಕಲೆಕ್ಟರ್ ಆಗಿದ್ದ ಎಫ್. ಜೆ. ರಿಚರ್ಡ್ಸ್ ಅವರ ಮುಂದಾಳತ್ವದಲ್ಲಿ ಮಿಥಿಕ್ ಸೊಸೈಟಿ ಆರಂಭವಾಯಿತು. ಅದರ ತ್ರೈಮಾಸಿಕ ಪತ್ರಿಕೆಯು ಇತಿಹಾಸ, ಶಾಸನ, ಜಾನಪದ, ಮಾನವಶಾಸ್ತ್ರಗಳಿಗೆ ಒಂದೇ ವೇದಿಕೆ ಒದಗಿಸಿತು.

ಸಂಸ್ಥಾನದ ಕಡೆಯಿಂದ ೧೮೮೫ರಲ್ಲಿ ಪುರಾತತ್ತ್ವ ಇಲಾಖೆ ರೂಪುಗೊಂಡಿತು. ಬಿ. ಎಲ್. ರೈಸ್ ಅವರು ಸಂಪಾದಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಒಂಬತ್ತನೆಯ ಸಂಪುಟ, ಅಂದರೆ ಬೆಂಗಳೂರು ಜಿಲ್ಲೆಯ ಶಾಸನಗಳ ಸಂಪುಟ, ೧೯೦೫ರಲ್ಲಿ ಹೊರಬಂದಿತು. ಅನಂತರ ಆರ್. ನರಸಿಂಹಾಚಾರ್, ಆರ್. ಶಾಮಾಶಾಸ್ತ್ರಿ ಅವರು ಇಲಾಖೆಯನ್ನು ಮುನ್ನಡೆಸಿದರು. ಎಂ. ಎಚ್. ಕೃಷ್ಣ ಅವರ ಕಾಲದಲ್ಲಿ ಉತ್ಖನನಕ್ಕೆ ಪ್ರಾಧಾನ್ಯ ದೊರೆಯಿತು. ಇಲಾಖೆಯ ನಿರ್ದೇಶಕರೂ ಮೈಸೂರು ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರೂ ಆಗಿದ್ದ ಅವರು ಚಂದ್ರವಳ್ಳಿ ಹಾಗೂ ಬ್ರಹ್ಮಗಿರಿಗಳನ್ನು ಅಗೆಸಿ, ಶಾಸನದ ಜೊತೆಗೆ ಮಣ್ಣಿನ ಪದರವೂ ಚರಿತ್ರೆಯ ದಾಖಲೆಯೆಂಬುದನ್ನು ಈ ನಾಡಿನಲ್ಲಿ ಸ್ಥಾಪಿಸಿದರು. ಒಬ್ಬನೇ ವಿದ್ವಾಂಸ ಕ್ಷೇತ್ರಕಾರ್ಯದ ಅಧಿಕಾರವನ್ನೂ ಬೋಧನೆಯ ಹೊಣೆಯನ್ನೂ ಹೊತ್ತ ಆ ವ್ಯವಸ್ಥೆಯು ಇಂದಿನ ಚರ್ಚೆಗೂ ಪ್ರಸ್ತುತವಾದುದು.

೧೯೪೭ರಲ್ಲಿ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯಲ್ಲಿ ನಡೆಸಿದ ಉತ್ಖನನವು ದಕ್ಷಿಣ ಭಾರತದ ಕಾಲಾನುಕ್ರಮಣಿಕೆಗೆ ಆಧಾರವಾಯಿತು. ವೀಲರ್ ಬೃಹತ್ ಶಿಲಾ ಸಂಸ್ಕೃತಿಯ ಆರಂಭವನ್ನು ಕ್ರಿ.ಪೂ. ಎರಡನೆಯ ಶತಮಾನದ ಸುಮಾರಿಗೆ ನಿರ್ಣಯಿಸಿದ್ದರು. ಮುಂದೆ ಎಂ. ಎಸ್. ನಾಗರಾಜರಾವ್ ಅವರು ಹಳ್ಳೂರಿನಲ್ಲಿ ಉತ್ಖನನ ಮಾಡಿ ಪಡೆದ ಇಂಗಾಲದ ಕಾಲನಿರ್ಣಯಗಳು ಕಬ್ಬಿಣದ ಬಳಕೆಯನ್ನು ಕ್ರಿ.ಪೂ. ೧೦೦೦ದ ಸುಮಾರಿಗೆ ಹಿಂದಕ್ಕೆ ಒಯ್ದವು. ಪ್ರಯೋಗಾಲಯದ ಒಂದು ಹೊಸ ವಿಧಾನವು ಎಂಟು ಶತಮಾನಗಳ ವ್ಯತ್ಯಾಸವನ್ನು ತೋರಿಸಿಕೊಟ್ಟ ಈ ಪ್ರಸಂಗವು, ವಿಜ್ಞಾನದ ನೆರವಿಲ್ಲದೆ ಪ್ರಾಗಿತಿಹಾಸ ಮುಂದುವರಿಯಲಾರದೆಂಬುದಕ್ಕೆ ನಿದರ್ಶನ.

ಆದರೆ ಮನುಷ್ಯರ ಎಲುಬುಗಳ ವಿಷಯದಲ್ಲಿ ಆ ನೆರವು ಬಹುಕಾಲ ಬೇರೆಯೇ ದಾರಿ ಹಿಡಿದಿತ್ತು. ಬ್ರಹ್ಮಗಿರಿಯ ಎಲುಬುಗಳನ್ನು ಅಧ್ಯಯನ ಮಾಡಿದ ಎಸ್. ಎಸ್. ಸರ್ಕಾರ್ ಅವರು ತಲೆಬುರುಡೆಯ ಅಳತೆಗಳನ್ನು ಅವಲಂಬಿಸಿ ಪ್ರಾಚೀನ ‘ಜನಾಂಗ’ಗಳನ್ನು ವಿಂಗಡಿಸಲು ಯತ್ನಿಸಿದರು, ‘ಏನ್ಷೆಂಟ್ ರೇಸಸ್ ಆಫ್ ದಿ ಡೆಕ್ಕನ್’ ಎಂಬ ಅವರ ಗ್ರಂಥ ೧೯೭೨ರಲ್ಲಿ ಪ್ರಕಟವಾಯಿತು. ಅಮೆರಿಕದ ಕೆನೆತ್ ಕೆನಡಿ ೧೯೭೫ರಲ್ಲಿ ದಕ್ಷಿಣ ಭಾರತ ಮತ್ತು ಶ್ರೀಲಂಕಾದ ಬೃಹತ್ ಶಿಲಾ ಗೋರಿಗಳ ಎಲುಬುಗಳನ್ನು ಮತ್ತೆ ಪರಿಶೀಲಿಸಿ, ಇವರೆಲ್ಲ ಒಂದೇ ‘ಜನಾಂಗ’ಕ್ಕೆ ಸೇರಿದವರೆನ್ನಲು ಆಧಾರವಿಲ್ಲವೆಂದೂ ಅವರಲ್ಲಿ ವೈವಿಧ್ಯವಿದೆಯೆಂದೂ ತೋರಿಸಿದರು. ಗೋರಿಯ ಶೈಲಿಯೊಂದೇ ಆದಮಾತ್ರಕ್ಕೆ ಅದನ್ನು ಕಟ್ಟಿದ ಜನರೂ ಒಂದೇ ಮೂಲದವರಾಗಬೇಕಿಲ್ಲ ಎಂಬುದು ಇದರಿಂದ ದೊರೆಯುವ ಪಾಠ.

ಈ ಅವಧಿಯಲ್ಲಿ ಎಲುಬುಗಳ ತಜ್ಞತೆಯು ಬಹುಮಟ್ಟಿಗೆ ವ್ಯಕ್ತಿಗಳ ಆಸಕ್ತಿಯನ್ನೇ ಅವಲಂಬಿಸಿತ್ತು. ತೆಕ್ಕಲಕೋಟೆಯ ಮಾನವ ಅವಶೇಷಗಳನ್ನು ಪುಣೆಯ ಡೆಕ್ಕನ್ ಕಾಲೇಜಿನ ಆಶ್ರಯದಲ್ಲಿ ಕೆ. ಸಿ. ಮಲ್ಹೋತ್ರ ಅಭ್ಯಸಿಸಿದರು. ಹಳ್ಳೂರಿನ ಪ್ರಾಣಿಗಳ ಎಲುಬುಗಳನ್ನು ಗುರುತಿಸಿದವರು ಪಶುವೈದ್ಯರಾಗಿದ್ದ ಕೆ. ಆರ್. ಆಲೂರ ಅವರು, ಅವರು ಕುದುರೆಯದೆಂದು ಗುರುತಿಸಿದ ಎಲುಬುಗಳ ಮೇಲೆ ದೀರ್ಘಕಾಲ ವಾದವಿವಾದ ನಡೆಯಿತು. ಡೆಕ್ಕನ್ ಕಾಲೇಜು ಪುರಾತತ್ತ್ವ ವಿಭಾಗದೊಳಗೇ ಭೌತಿಕ ಮಾನವಶಾಸ್ತ್ರಕ್ಕೆ ಸ್ಥಾನ ಕೊಟ್ಟದ್ದರಿಂದ ಅಲ್ಲಿ ಈ ವಿದ್ಯೆಗೆ ಶಿಷ್ಯಪರಂಪರೆ ಬೆಳೆಯಿತು. ಹುದ್ದೆಯಿದ್ದಲ್ಲಿ ಪರಂಪರೆ ಉಳಿಯುತ್ತದೆ. ವ್ಯಕ್ತಿಯನ್ನು ಮಾತ್ರ ನೆಚ್ಚಿದಲ್ಲಿ ಅವನ ನಿವೃತ್ತಿಯೊಡನೆ ವಿದ್ಯೆಯೂ ನಿವೃತ್ತವಾಗುತ್ತದೆ.

೪. ಪ್ರಾಚೀನ ಡಿಎನ್‌ಎ: ವಿಧಾನ ಮತ್ತು ಈವರೆಗಿನ ಫಲಿತಾಂಶ

ಪ್ರಾಚೀನ ಡಿಎನ್‌ಎ ಅಧ್ಯಯನ ಆರಂಭವಾದುದು ೧೯೮೪ರಲ್ಲಿ. ಅಳಿದುಹೋದ ಕ್ವಾಗ್ಗ ಎಂಬ ಪ್ರಾಣಿಯ ಸಂಗ್ರಹಾಲಯದಲ್ಲಿದ್ದ ಚರ್ಮದಿಂದ ಅಮೆರಿಕದ ವಿಜ್ಞಾನಿಗಳು ಡಿಎನ್‌ಎ ತುಣುಕುಗಳನ್ನು ಪಡೆದರು. ಸ್ವಾಂತೆ ಪಾಬೊ ಅವರ ತಂಡ ೨೦೧೦ರಲ್ಲಿ ನಿಯಾಂಡರ್ತಲ್ ಮಾನವನ ಜೀನೋಮಿನ ಕರಡನ್ನು ಪ್ರಕಟಿಸಿತು. ೨೦೨೨ರಲ್ಲಿ ಪಾಬೊ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು.

ಜೀವಿ ಸತ್ತ ಮೇಲೆ ಅದರ ಡಿಎನ್‌ಎ ಚಿಕ್ಕ ಚಿಕ್ಕ ತುಣುಕುಗಳಾಗಿ ಒಡೆಯುತ್ತದೆ. ತುಣುಕುಗಳ ತುದಿಗಳಲ್ಲಿ ನಿರ್ದಿಷ್ಟ ಬಗೆಯ ರಾಸಾಯನಿಕ ಬದಲಾವಣೆಗಳು ಕಾಣಿಸಿಕೊಳ್ಳುತ್ತವೆ. ಆ ಬದಲಾವಣೆಗಳೇ ದೊರೆತ ಡಿಎನ್‌ಎ ಹಳೆಯದೆಂಬುದಕ್ಕೆ ಗುರುತು. ಉತ್ಖನನ ಮಾಡಿದವರ ಬೆವರು, ಉಗುಳು, ಚರ್ಮದ ಸ್ಪರ್ಶದಿಂದ ಸೇರುವ ಹೊಸ ಡಿಎನ್‌ಎಯಲ್ಲಿ ಈ ಗುರುತು ಇರುವುದಿಲ್ಲ. ಆದ್ದರಿಂದ ಎಲುಬನ್ನು ನೆಲದಿಂದ ಎತ್ತುವಾಗಲೇ ಕೈಗವಸು, ಮುಖಗವಸು ಧರಿಸುವುದು, ನೀರಿನಲ್ಲಿ ತೊಳೆಯದಿರುವುದು, ತಂಪಾದ ಒಣ ಜಾಗದಲ್ಲಿ ಇಡುವುದು ಅಗತ್ಯ. ಕಿವಿಯ ಒಳಭಾಗವನ್ನು ಆವರಿಸಿರುವ, ದೇಹದಲ್ಲೇ ಅತ್ಯಂತ ಸಾಂದ್ರವಾದ ಎಲುಬಿನಲ್ಲಿ ಡಿಎನ್‌ಎ ಇತರ ಭಾಗಗಳಿಗಿಂತ ಚೆನ್ನಾಗಿ ಉಳಿಯುತ್ತದೆಂಬುದು ೨೦೧೪–೧೫ರ ವೇಳೆಗೆ ಸ್ಪಷ್ಟವಾಯಿತು. ಬಿಸಿ ಪ್ರದೇಶಗಳ ಅಧ್ಯಯನ ಸಾಧ್ಯವಾದುದು ಬಹುಮಟ್ಟಿಗೆ ಇದರಿಂದಲೇ.

ಭಾರತದ ಮಟ್ಟಿಗೆ ೨೦೦೯ರಲ್ಲಿ ಹೈದರಾಬಾದಿನ ಕೋಶೀಯ ಮತ್ತು ಅಣುಜೀವಶಾಸ್ತ್ರ ಕೇಂದ್ರದ ವಿಜ್ಞಾನಿಗಳೂ ಡೇವಿಡ್ ರೀಚ್ ಮೊದಲಾದವರೂ ಸೇರಿ, ಇಂದಿನ ಭಾರತೀಯರಲ್ಲಿ ಬಹುಪಾಲು ಜನರು ಎರಡು ಪ್ರಾಚೀನ ಜನಸಮೂಹಗಳ ಮಿಶ್ರಣದಿಂದ ಬಂದವರೆಂಬ ನಿರ್ಣಯವನ್ನು ಪ್ರಕಟಿಸಿದರು. ಈ ಮಿಶ್ರಣವು ಸುಮಾರು ೪೨೦೦ರಿಂದ ೧೯೦೦ ವರ್ಷಗಳ ಹಿಂದಿನ ಅವಧಿಯಲ್ಲಿ ನಡೆಯಿತೆಂದೂ ಅನಂತರ ಒಳವಿವಾಹದ ಪದ್ಧತಿ ಬಲಗೊಂಡಿತೆಂದೂ ೨೦೧೩ರ ಅಧ್ಯಯನ ತಿಳಿಸಿತು. ೨೦೧೯ರ ಸೆಪ್ಟೆಂಬರಿನಲ್ಲಿ ಎರಡು ಮುಖ್ಯ ಲೇಖನಗಳು ಹೊರಬಂದವು. ಒಂದು, ಮಧ್ಯ ಹಾಗೂ ದಕ್ಷಿಣ ಏಷ್ಯಾದ ೫೨೩ ಪ್ರಾಚೀನ ವ್ಯಕ್ತಿಗಳ ಹೊಸ ದತ್ತಾಂಶವನ್ನು ಒಳಗೊಂಡಿತ್ತು. ಇನ್ನೊಂದು, ವಸಂತ ಶಿಂಧೆ ಮೊದಲಾದವರು ಪ್ರಕಟಿಸಿದ ರಾಖಿಗಢಿಯ ಅಧ್ಯಯನ. ರಾಖಿಗಢಿಯಲ್ಲಿ ಅರುವತ್ತಕ್ಕೂ ಹೆಚ್ಚು ಮಾದರಿಗಳನ್ನು ಪರೀಕ್ಷಿಸಿದ ಮೇಲೆ ಒಬ್ಬ ಮಹಿಳೆಯ ಅವಶೇಷದಿಂದ ಮಾತ್ರ ನಂಬಲರ್ಹ ಜೀನೋಮ್ ದೊರೆಯಿತು. ಭಾರತದ ಹವಾಮಾನದಲ್ಲಿ ಈ ಕೆಲಸ ಎಷ್ಟು ಕಷ್ಟವೆಂಬುದಕ್ಕೆ ಈ ಅನುಪಾತವೇ ಸಾಕ್ಷಿ.

ಈ ಎರಡು ಲೇಖನಗಳಲ್ಲಿ ಕರ್ನಾಟಕದ ಒಂದು ಪ್ರಾಚೀನ ಮಾದರಿಯೂ ಇರಲಿಲ್ಲ. ದಕ್ಷಿಣದ ಜನರ ಹಿನ್ನೆಲೆಯನ್ನು ಇಂದಿನ ಜನರ ಡಿಎನ್‌ಎ ಹಾಗೂ ವಾಯವ್ಯದ ಪ್ರಾಚೀನ ಎಲುಬುಗಳನ್ನು ಹೋಲಿಸಿ ಊಹಿಸಲಾಯಿತು. ಮಂಗಳೂರು ವಿಶ್ವವಿದ್ಯಾನಿಲಯದ ಸಂಶೋಧಕರು ಕರಾವಳಿಯ ಕೊರಗ ಸಮುದಾಯವನ್ನು ಕುರಿತು ೨೦೨೪ರಲ್ಲಿ ಬೆಳಕಿಗೆ ತಂದ ಅಧ್ಯಯನವು ಸುಮಾರು ೪೪೦೦ ವರ್ಷ ಹಿಂದಿನ ಒಂದು ವಿಶಿಷ್ಟ ಪೂರ್ವಜ ಅಂಶವನ್ನು ಪ್ರತಿಪಾದಿಸಿ ಅದನ್ನು ದ್ರಾವಿಡ ಭಾಷೆಗಳ ಆದಿಯೊಡನೆ ಜೋಡಿಸಿತು. ಇದು ಕನ್ನಡ ನಾಡಿನಲ್ಲೇ ರೂಪುಗೊಂಡ ಮಹತ್ತ್ವದ ಪ್ರತಿಪಾದನೆ. ಆದರೆ ಇದರ ಆಧಾರವೂ ಇಂದಿನ ಜನರ ಡಿಎನ್‌ಎಯೇ. ಇಂಥ ಊಹೆಯನ್ನು ಒರೆಗೆ ಹಚ್ಚಬಲ್ಲದ್ದು ಆ ಕಾಲದ, ಆ ನೆಲದ ಎಲುಬು ಮಾತ್ರ.

ಬೆಂಗಳೂರಿನ ಕಲ್ಲುಗೋರಿಗಳ ಮಹತ್ತ್ವ ಇಲ್ಲಿದೆ. ಮಿಶ್ರಣ ನಡೆದು ಒಳವಿವಾಹ ಬಲಗೊಂಡಿತೆಂದು ವಂಶವಾಹಿ ತಜ್ಞರು ಹೇಳುವ ಅವಧಿಯೂ ದಕ್ಷಿಣದ ಬೃಹತ್ ಶಿಲಾ ಸಂಸ್ಕೃತಿಯ ಅವಧಿಯೂ ಬಹುಮಟ್ಟಿಗೆ ಒಂದರ ಮೇಲೊಂದು ಬರುತ್ತವೆ. ಒಂದೇ ಗೋರಿಯಲ್ಲಿ ಇಡಲಾದವರು ರಕ್ತಸಂಬಂಧಿಗಳೇ, ಮದುವೆಯಾಗಿ ಬಂದ ಹೆಂಗಸರು ಹೊರ ಊರಿನವರೇ, ಒಂದು ಗೋರಿಯ ಜನರಿಗೂ ಪಕ್ಕದ ಗೋರಿಯ ಜನರಿಗೂ ಕೊಡು-ಕೊಳ್ಳುವ ಸಂಬಂಧವಿತ್ತೇ ಎಂಬ ಪ್ರಶ್ನೆಗಳಿಗೆ ಮಡಕೆ ಮತ್ತು ಕಬ್ಬಿಣ ಉತ್ತರ ಕೊಡಲಾರವು. ಕರ್ನಾಟಕದ ಸಾಮಾಜಿಕ ಚರಿತ್ರೆಯ ಬುಡಕ್ಕೆ ಸೇರಿದ ಪ್ರಶ್ನೆಗಳಿವು.

೫. ನೆಲದ ಮಿತಿಗಳು

ಈ ನಿರೀಕ್ಷೆಯ ಜೊತೆಗೇ ಮಿತಿಗಳನ್ನೂ ಗಮನಿಸಬೇಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು ೯೦೦ ಮೀಟರ್ ಎತ್ತರದಲ್ಲಿರುವುದರಿಂದ ಬಯಲುಸೀಮೆಯಷ್ಟು ಬಿಸಿಯಿಲ್ಲ. ಆದರೆ ಇಲ್ಲಿಯ ಕೆಮ್ಮಣ್ಣು ಗ್ರಾನೈಟ್ ಜಾತಿಯ ನೈಸ್ ಶಿಲೆಗಳಿಂದ ಹುಟ್ಟಿದ್ದು, ಸಾಮಾನ್ಯವಾಗಿ ಆಮ್ಲಗುಣದ್ದು. ಎಲುಬಿನ ಸುಣ್ಣದ ಅಂಶವನ್ನು ಅಂಥ ಮಣ್ಣು ಕರಗಿಸುತ್ತದೆ. ಮಳೆಗಾಲದ ತೇವ, ಬೇಸಗೆಯ ಒಣಗು ಪ್ರತಿವರ್ಷವೂ ಮರುಕಳಿಸುವುದು ಡಿಎನ್‌ಎಗೆ ಇನ್ನಷ್ಟು ಹಾನಿಕರ.

ಗೋರಿಗಳ ಸ್ವರೂಪವೂ ತೊಡಕನ್ನು ಹೆಚ್ಚಿಸುತ್ತದೆ. ಶವವನ್ನು ಬೇರೆಡೆ ಬಯಲಿಗೆ ಬಿಟ್ಟು, ಅನಂತರ ಆಯ್ದ ಎಲುಬುಗಳನ್ನು ತಂದು ಕಲ್ಮನೆಯಲ್ಲಿಡುವ ಪದ್ಧತಿಯನ್ನು ವೀಲರ್ ಬ್ರಹ್ಮಗಿರಿಯಲ್ಲಿ ಗುರುತಿಸಿದ್ದರು. ಹೀಗೆ ಇಟ್ಟ ಎಲುಬುಗಳು ಒಬ್ಬರದ್ದಲ್ಲ, ಹಲವರದು ಬೆರೆತಿರುತ್ತವೆ. ಸಾಂದ್ರವಾದ ಕಿವಿಯೆಲುಬು ಅಥವಾ ಹಲ್ಲು ಅದರಲ್ಲಿ ಉಳಿದಿದೆಯೇ ಎಂಬುದನ್ನು ಬಲ್ಲ ಕಣ್ಣೇ ಹುಡುಕಬೇಕು. ಅನೇಕ ಗೋರಿಗಳಿಂದ ಡಿಎನ್‌ಎ ದೊರೆಯದೆಯೇ ಹೋಗಬಹುದು. ಅಂಥಲ್ಲಿ ಇತರ ವಿಧಾನಗಳಿವೆ. ಬಾಲ್ಯದಲ್ಲಿ ರೂಪುಗೊಳ್ಳುವ ಹಲ್ಲಿನ ಹೊರಪದರದಲ್ಲಿರುವ ಸ್ಟ್ರಾನ್ಷಿಯಂ ಪ್ರಮಾಣಗಳು ಆ ವ್ಯಕ್ತಿ ಬೆಳೆದ ನೆಲದ ಶಿಲೆಯ ಗುಣವನ್ನು ಪ್ರತಿಫಲಿಸುತ್ತವೆ. ಬೆಂಗಳೂರಿನ ಅತಿ ಪುರಾತನ ನೈಸ್ ಶಿಲೆಗಳಿಗೂ ಉತ್ತರದ ಬಸಾಲ್ಟ್ ನೆಲಕ್ಕೂ ಈ ವಿಷಯದಲ್ಲಿ ಅಂತರವಿರುವುದರಿಂದ ವಲಸೆ ಬಂದವರನ್ನು ಗುರುತಿಸಲು ಸಾಧ್ಯವಾಗಬಹುದು.

ಇದೆಲ್ಲಕ್ಕಿಂತ ದೊಡ್ಡ ಮಿತಿ ನಗರದ ಬೆಳವಣಿಗೆ. ೧೯೪೦ರಲ್ಲಿ ವಿಮಾನ ಕಾರ್ಖಾನೆ, ೧೯೪೮ರಲ್ಲಿ ದೂರವಾಣಿನಗರದ ಐಟಿಐ, ಬೈಯಪ್ಪನಹಳ್ಳಿಯ ಎನ್‌ಜಿಇಎಫ್, ಅನಂತರ ಇಂದಿರಾನಗರ ಬಡಾವಣೆ, ೧೯೯೦ರ ದಶಕದಿಂದ ವೈಟ್‌ಫೀಲ್ಡಿನ ತಂತ್ರಜ್ಞಾನ ಕೇಂದ್ರಗಳು, ಮೆಟ್ರೊ ಮಾರ್ಗ, ಹೀಗೆ ಪೂರ್ವಸೀಮೆಯ ನೆಲ ಎಂಟು ದಶಕಗಳಿಂದ ಅಗೆತಕ್ಕೆ ಒಳಗಾಗುತ್ತಲೇ ಇದೆ. ೧೯೬೫ರ ನಾಣ್ಯನಿಧಿಯು ಹೊಳೆಯುವ ಬೆಳ್ಳಿಯದಾದ್ದರಿಂದ ಕಣ್ಣಿಗೆ ಬಿದ್ದಿತು. ಮುರಿದ ಮಡಕೆ, ಪುಡಿಯಾದ ಎಲುಬು ಮಣ್ಣಿನೊಡನೆ ಲಾರಿಗೇರಿದರೆ ಯಾರ ಗಮನಕ್ಕೂ ಬಾರದು. ಹೊಸಕೋಟೆಯ ಕಡೆಗೆ ನಗರ ಹಬ್ಬುತ್ತಿರುವಾಗ ಉಳಿದಿರುವ ಗೋರಿಗಳಿಗೂ ಇದೇ ಗತಿ ಕಾದಿದೆ.

೬. ಭಾಷೆ, ಅಸ್ಮಿತೆ ಮತ್ತು ತೀರ್ಮಾನದ ಎಚ್ಚರ

ಬೆಂಗಳೂರಿನ ಪೂರ್ವಭಾಗದಲ್ಲಿ ‘ಮೂಲ ನಿವಾಸಿಗಳು ಯಾರು’ ಎಂಬ ಪ್ರಶ್ನೆ ಕೇವಲ ವಿದ್ವತ್ ಪ್ರಶ್ನೆಯಾಗಿ ಉಳಿದಿಲ್ಲ. ಹಲಸೂರು ಕೆರೆಯ ಬಳಿ ೧೯೯೧ರಲ್ಲಿ ಸ್ಥಾಪಿತವಾದ ತಿರುವಳ್ಳುವರ್ ಪ್ರತಿಮೆಯು ಭಾಷಾ ವಿವಾದದ ಕಾರಣದಿಂದ ಹದಿನೆಂಟು ವರ್ಷ ಮುಸುಕಿನಲ್ಲಿದ್ದು, ೨೦೦೯ರ ಆಗಸ್ಟ್ ೯ರಂದು ಅನಾವರಣಗೊಂಡಿತು. ಅದೇ ತಿಂಗಳು ಚೆನ್ನೈಯಲ್ಲಿ ಸರ್ವಜ್ಞನ ಪ್ರತಿಮೆ ಅನಾವರಣವಾಯಿತು. ಇಂಥ ಸೂಕ್ಷ್ಮ ನೆಲದಲ್ಲಿ ಎರಡು ಸಾವಿರ ವರ್ಷ ಹಿಂದಿನ ಎಲುಬಿನ ಫಲಿತಾಂಶ ಪ್ರಕಟವಾದರೆ ಅದನ್ನು ಹಕ್ಕುಸ್ಥಾಪನೆಯ ದಾಖಲೆಯಾಗಿ ಬಳಸುವ ಆಸೆ ಹಲವರಿಗೆ ಉಂಟಾಗಬಹುದು.

ಆದ್ದರಿಂದ ಕೆಲವು ಸಂಗತಿಗಳನ್ನು ಮೊದಲೇ ಸ್ಪಷ್ಟಪಡಿಸಿಕೊಳ್ಳಬೇಕು. ಡಿಎನ್‌ಎಯಲ್ಲಿ ಭಾಷೆಯಿಲ್ಲ. ಒಬ್ಬ ವ್ಯಕ್ತಿಯ ಪೂರ್ವಜರು ಎಲ್ಲಿಂದ ಬಂದರೆಂಬುದು ತಿಳಿದ ಮಾತ್ರಕ್ಕೆ ಅವನು ಆಡುತ್ತಿದ್ದ ನುಡಿ ತಿಳಿಯದು. ಜನರು ಭಾಷೆಯನ್ನು ಬದಲಿಸುತ್ತಾರೆ, ಎರಡು ಮೂರು ಭಾಷೆಗಳನ್ನು ಒಟ್ಟಿಗೆ ಬಳಸುತ್ತಾರೆ. ದೊಮ್ಮಲೂರಿನ ತಮಿಳು ಶಾಸನ ಆಡಳಿತ ಹಾಗೂ ದಾನದ ಭಾಷೆಯನ್ನು ತೋರಿಸುತ್ತದೆ. ಊರಿನ ಒಕ್ಕಲಿನ ಮನೆಮಾತನ್ನು ಅದು ನಿರ್ಣಯಿಸಲಾರದು. ಚೋಳರ ಕಾಲದ ತಮಿಳಿಗೂ ದಂಡಿನ ಸೇವೆಗಾಗಿ ಬಂದವರ ತಮಿಳಿಗೂ ನಡುವೆ ಅನೇಕ ಶತಮಾನಗಳ ಅಂತರವಿದೆ. ತಲೆಬುರುಡೆಯ ಅಳತೆಯಿಂದ ಜನಾಂಗವನ್ನು ನಿರ್ಣಯಿಸಿದ ಹಿಂದಿನ ತಪ್ಪನ್ನು ಹೊಸ ಉಪಕರಣದಿಂದ ಮರಳಿ ಮಾಡಬಾರದು. ಶಾಸನತಜ್ಞನೂ ಭಾಷಾಶಾಸ್ತ್ರಜ್ಞನೂ ಜೊತೆಗಿಲ್ಲದೆ ಜೀನೋಮ್ ಒಂದನ್ನೇ ಮುಂದಿಟ್ಟುಕೊಂಡು ಬರೆಯುವ ಚರಿತ್ರೆ ಅಪೂರ್ಣ ಮಾತ್ರವಲ್ಲ, ಅಪಾಯಕಾರಿಯೂ ಹೌದು.

ಇತ್ತೀಚಿನ ಕಾಲದ ಮೃತರ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚಬೇಕು. ೧೮೯೮ರಲ್ಲಿ ಬೆಂಗಳೂರಿಗೆ ಬಂದ ಪ್ಲೇಗ್ ಪೇಟೆ ಮತ್ತು ದಂಡು ಎರಡನ್ನೂ ತಲ್ಲಣಗೊಳಿಸಿತು. ಬಸವನಗುಡಿ, ಮಲ್ಲೇಶ್ವರ, ಫ್ರೇಜರ್ ಟೌನ್‌ಗಳಂಥ ಹೊಸ ಬಡಾವಣೆಗಳ ಹುಟ್ಟಿನ ಹ���ನ್ನೆಲೆಯಲ್ಲಿ ಅದರ ಭೀತಿಯಿತ್ತು. ಲಂಡನ್ನಿನ ಹದಿನಾಲ್ಕನೆಯ ಶತಮಾನದ ಸ್ಮಶಾನದ ಎಲುಬುಗಳಿಂದ ಪ್ಲೇಗ್ ರೋಗಾಣುವಿನ ಜೀನೋಮನ್ನು ೨೦೧೧ರಲ್ಲಿ ಪುನಾರಚಿಸಲಾಗಿರುವುದರಿಂದ ಇಂಥ ಅಧ್ಯಯನ ತಾಂತ್ರಿಕವಾಗಿ ಸಾಧ್ಯ. ಆದರೆ ದಂಡಿನ ಸ್ಮಶಾನಗಳಲ್ಲಿರುವವರ ಮೊಮ್ಮಕ್ಕಳು, ಮರಿಮಕ್ಕಳು ಇದೇ ಊರಿನಲ್ಲಿದ್ದಾರೆ. ಅಲ್ಲಿ ಕುಟುಂಬ ಹಾಗೂ ಸಮುದಾಯಗಳ ಒಪ್ಪಿಗೆಯೇ ಮೊದಲ ಮಾತು. ಆಸ್ಪತ್ರೆ ಮತ್ತು ಪುರಸಭೆಯ ದಾಖಲೆಗಳಿಂದ ತಿಳಿಯಬಹುದಾದುದನ್ನು ಗೋರಿಯಿಂದ ತಿಳಿಯಹೊರಡುವುದು ಉಚಿತವಲ್ಲ.

೭. ಸಂಶೋಧನ ಪೀಠದ ಸ್ವರೂಪ

ಬೆಂಗಳೂರಿನಲ್ಲಿ ಈ ಕೆಲಸಕ್ಕೆ ಬೇಕಾದ ವಿಜ್ಞಾನದ ಬಲ ಇಲ್ಲದಿಲ್ಲ. ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಉಮಾ ರಾಮಕೃಷ್ಣನ್ ಮತ್ತು ಸಂಗಡಿಗರು ಸಂಗ್ರಹಾಲಯಗಳಲ್ಲಿದ್ದ ಹಳೆಯ ಹುಲಿಗಳ ಅವಶೇಷಗಳಿಂದ ಡಿಎನ್‌ಎ ಪಡೆದು, ಭಾರತದ ಹುಲಿಗಳು ಕಳೆದುಕೊಂಡ ವಂಶವಾಹಿ ವೈವಿಧ್ಯವನ್ನು ೨೦೧೩ರಲ್ಲಿ ತೋರಿಸಿದರು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮೆದುಳು ಸಂಶೋಧನ ಕೇಂದ್ರದ ಸಮನ್ವಯದಲ್ಲಿ ನಡೆದ ‘ಜೀನೋಮ್ ಇಂಡಿಯಾ’ ಯೋಜನೆಯು ಸುಮಾರು ೧೦,೦೦೦ ಭಾರತೀಯರ ಜೀನೋಮುಗಳನ್ನು ಓದಿದೆ. ಪ್ರಾಚೀನ ಮಾದರಿಗಳನ್ನು ಹೋಲಿಸಿ ನೋಡಲು ಇದು ಒಳ್ಳೆಯ ತಳಹದಿ. ೧೯೮೮ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲಿ ಶಾರದಾ ಶ್ರೀನಿವಾಸನ್ ಅವರು ಪ್ರಾಚೀನ ಲೋಹವಿದ್ಯೆಯನ್ನು ಕುರಿತು ನಡೆಸಿದ ಸಂಶೋಧನೆಯು ಪ್ರಯೋಗಾಲಯ ಮತ್ತು ಪುರಾತತ್ತ್ವಗಳು ಒಬ್ಬರೇ ವಿದ್ವಾಂಸರಲ್ಲಿ ಕೂಡಬಲ್ಲವೆಂಬುದನ್ನು ತೋರಿಸಿದೆ. ನೆರೆಯ ತಮಿಳುನಾಡಿನಲ್ಲಿ ಕೀಳಡಿಯ ಉತ್ಖನನದ ಹಿನ್ನೆಲೆಯಲ್ಲಿ ಮಧುರೈ ಕಾಮರಾಜ್ ವಿಶ್ವವಿದ್ಯಾನಿಲಯವು ಪ್ರಾಚೀನ ಡಿಎನ್‌ಎ ಅಧ್ಯಯನವನ್ನು ಕೈಗೊಂಡಿದೆ. ಲಕ್ನೋದ ಬೀರಬಲ್ ಸಾಹ್ನಿ ಸಂಸ್ಥೆಯಲ್ಲಿಯೂ ಇದಕ್ಕೆ ಮೀಸಲಾದ ಪ್ರಯೋಗಾಲಯವಿದೆ.

ಬಲವಿದ್ದರೂ ಅದು ಹಂಚಿಹೋಗಿದೆ. ಜೀವವಿಜ್ಞಾನದ ವಿಭಾಗದಲ್ಲಿ ಮಾತ್ರ ಹುದ್ದೆಯನ್ನಿಟ್ಟರೆ ಎಲುಬು ಬರಿಯ ಮಾದರಿಯಾಗುತ್ತದೆ. ಅದು ಯಾವ ಪದರದ್ದು, ಯಾವ ಮಡಕೆಯ ಜೊತೆಗಿದ್ದುದು ಎಂಬ ಪ್ರಶ್ನೆ ಹಿಂದೆ ಬೀಳುತ್ತದೆ. ಪುರಾತತ್ತ್ವ ವಿಭಾಗದಲ್ಲಿ ಮಾತ್ರ ಇಟ್ಟರೆ ಪ್ರಯೋಗಾಲಯಕ್ಕಾಗಿ ಪರರ ಬಾಗಿಲು ಕಾಯಬೇಕಾಗುತ್ತದೆ; ಉತ್ಖನನ ಮಾಡಿದವರು ಮಾದರಿ ಪೂರೈಸುವವರಾಗಿ ಉಳಿದು, ತೀರ್ಮಾನ ಬೇರೆಡೆ ರೂಪುಗೊಳ್ಳುತ್ತದೆ. ಎಂ. ಎಚ್. ಕೃಷ್ಣ ಅವರ ಕಾಲದ ದ್ವಿಹೊಣೆಯ ಮಾದರಿಯನ್ನು ಇಂದಿಗೆ ಹೊಂದಿಸಿ, ವಿಶ್ವವಿದ್ಯಾನಿಲಯದ ಪುರಾತತ್ತ್ವ ವಿಭಾಗ ಹಾಗೂ ವಿಜ್ಞಾನ ಸಂಸ್ಥೆಯೊಂದು ಜಂಟಿಯಾಗಿ ನೇಮಿಸುವ ಖಾಯಂ ಪೀಠವೇ ಇದಕ್ಕೆ ಪರಿಹಾರ. ಎರಡು ಮೂರು ವರ್ಷಗಳ ಯೋಜನಾ ಹುದ್ದೆಯಿಂದ ಇದು ಸಾಧ್ಯವಾಗದು. ಒಂದು ಉತ್ಖನನ ಆರಂಭವಾಗಿ ವರದಿ ಹೊರಬರುವುದಕ್ಕೇ ಅದಕ್ಕಿಂತ ಹೆಚ್ಚು ಕಾಲ ಹಿಡಿಯುತ್ತದೆ.

ಪೀಠದ ಮೊದಲ ಕೆಲಸ ಹೊಸ ಗೋರಿಯನ್ನು ಅಗೆಯುವುದಲ್ಲ. ವಸ್ತುಸಂಗ್ರಹಾಲಯ, ಇಲಾಖೆ, ವಿಶ್ವವಿದ್ಯಾನಿಲಯಗಳ ಉಗ್ರಾಣಗಳಲ್ಲಿರುವ ಮಾನವ ಅವಶೇಷಗಳ ಪಟ್ಟಿಯನ್ನು, ಅವು ದೊರೆತ ಸ್ಥಳ ಹಾಗೂ ಪದರದ ವಿವರಗಳೊಡನೆ, ಸಿದ್ಧಪಡಿಸುವುದು. ಎರಡನೆಯದು, ಹೊಸಕೋಟೆ–ಕೃಷ್ಣರಾಜಪುರ ಸೀಮೆಯಲ್ಲಿ ಉಳಿದಿರುವ ಕಲ್ಲುಗೋರಿಗಳ ಸರ್ವೇಕ್ಷಣೆ. ಮೂರನೆಯದು, ಕಟ್ಟಡದ ಕಾಮಗಾರಿಯಲ್ಲಿ ಅವಶೇಷ ಕಂಡಾಗ ತಕ್ಷಣ ಹೋಗಿ ನಿಯಮಬದ್ಧವಾಗಿ ಎತ್ತುವ ಸಿದ್ಧತೆ. ನಾಲ್ಕನೆಯದು, ಪುರಾತತ್ತ್ವದ ವಿದ್ಯಾರ್ಥಿಗಳಿಗೆ ಎಲುಬುಗಳ ಪರಿಚಯವನ್ನೂ ಜೀವವಿಜ್ಞಾನದ ವಿದ್ಯಾರ್ಥಿಗಳಿಗೆ ಪದರವಿನ್ಯಾಸದ ಪಾಠವನ್ನೂ ಕೊಡುವುದು.

ಕಾನೂನು ಹಾಗೂ ನೀತಿಯ ಚೌಕಟ್ಟು ಭಾಗಶಃ ಸಿದ್ಧವಾಗಿದೆ. ೧೯೫೮ರ ಕೇಂದ್ರ ಕಾಯಿದೆ, ೧೯೬೧ರ ರಾಜ್ಯದ ಪ್ರಾಚೀನ ಸ್ಮಾರಕಗಳ ಕಾಯಿದೆ ಸ್ಥಳಗಳ ರಕ್ಷಣೆಯನ್ನು ಕುರಿತವು. ೨೦೨೧ರಲ್ಲಿ ಹಲವು ದೇಶಗಳ ವಿದ್ವಾಂಸರು, ಭಾರತೀಯರೂ ಸೇರಿ, ಮಾನವ ಅವಶೇಷಗಳ ಡಿಎನ್‌ಎ ಅಧ್ಯಯನಕ್ಕೆ ಐದು ಸೂತ್ರಗಳನ್ನು ಮುಂದಿಟ್ಟರು: ಸ್ಥಳೀಯ ಕಾನೂನಿನ ಪಾಲನೆ, ಮುಂಚಿತವಾದ ವಿವರ ಯೋಜನೆ, ಅವಶೇಷಕ್ಕೆ ಕನಿಷ್ಠ ಹಾನಿ, ದತ್ತಾಂಶದ ಲಭ್ಯತೆ, ಸಂಬಂಧಪಟ್ಟ ಜನರೊಡನೆ ಸಮಾಲೋಚನೆ. ಕೊನೆಯ ಸೂತ್ರದ ಪಾಲನೆಗೆ ವರದಿಗಳು ಕನ್ನಡದಲ್ಲಿಯೂ ಪ್ರಕಟವಾಗುವುದು ಅನಿವಾರ್ಯ. ಗೋರಿಯಿರುವ ಹಳ್ಳಿಯವರು ಓದಲಾರದ ಭಾಷೆಯಲ್ಲಿ ಮಾತ್ರ ಬರೆದ ವರದಿಯಿಂದ ಸಮಾಲೋಚನೆ ನೆರವೇರದು.

ಶಾಸನಕ್ಕೂ ಎಲುಬಿಗೂ ಇರುವ ಒಂದು ವ್ಯತ್ಯಾಸವನ್ನೂ ನೆನಪಿಡಬೇಕು. ಮಿಥಿಕ್ ಸೊಸೈಟಿಯು ೨೦೨೧ರಲ್ಲಿ ಆರಂಭಿಸಿದ ಯೋಜನೆಯಲ್ಲಿ ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮಗಳಲ್ಲಿ ಡಿಜಿಟಲ್ ರೂಪದಲ್ಲಿ ದಾಖಲಿಸಿ, ಹಿಂದಿನ ಪಾಠಗಳನ್ನು ತಿದ್ದಲು ಅವಕಾಶ ಮಾಡಿಕೊಡಲಾಗಿದೆ. ಶಾಸನವನ್ನು ಎಷ್ಟು ಬಾರಿಯಾದರೂ ಓದಬಹುದು. ಎಲುಬಿನಿಂದ ಮಾದರಿ ತೆಗೆಯಲು ಅದರ ಒಂದು ಭಾಗವನ್ನು ಪುಡಿಮಾಡಲೇಬೇಕು; ಆ ಭಾಗ ಮತ್ತೆ ಬರುವುದಿಲ್ಲ. ಮಾದರಿ ತೆಗೆಯುವ ಮುನ್ನ ಪೂರ್ಣ ದಾಖಲೆ ಮಾಡುವುದು, ಮುಂದಿನ ಪೀಳಿಗೆಯ ಉತ್ತಮ ವಿಧಾನಕ್ಕಾಗಿ ಒಂದು ಭಾಗವನ್ನು ಉಳಿಸುವುದು ಪೀಠದ ಕಡ್ಡಾಯ ನಿಯಮವಾಗಬೇಕು.

೮. ಉಪಸಂಹಾರ

ಒಟ್ಟಿನಲ್ಲಿ, ಬೆಂಗಳೂರಿನ ಪೂರ್ವಸೀಮೆಯ ಚರಿತ್ರೆಯು ದಂಡಿನಿಂದ ಆರಂಭವಾಗುವುದಿಲ್ಲವೆಂಬುದನ್ನು ಶಾಸನ, ನಾಣ್ಯ, ಗೋರಿಗಳು ತೋರಿಸಿವೆ. ಶಾಸನಗಳ ಅಧ್ಯಯನ ಫಲ ಕೊಟ್ಟದ್ದು ೧೮೮೫ರಿಂದ ಅದಕ್ಕೊಂದು ಇಲಾಖೆ, ಹುದ್ದೆ ಹಾಗೂ ಪ್ರಕಟಣೆಯ ಕ್ರಮ ಇದ್ದುದರಿಂದ. ಜನರ ದೇಹಾವಶೇಷಗಳ ಅಧ್ಯಯನಕ್ಕೂ ಅಂಥದೇ ನೆಲೆ ದೊರೆಯಬೇಕು. ಪ್ರಾಚೀನ ಡಿಎನ್‌ಎ ಎಲ್ಲ ಪ್ರಶ್ನೆಗಳಿಗೂ ಉತ್ತರಿಸದು. ಇಲ್ಲಿಯ ಕೆಮ್ಮಣ್ಣಿನಲ್ಲಿ ಅದು ದೊರೆಯುವುದೂ ಅಪರೂಪವಾಗಬಹುದು. ಆದರೆ ಪ್ರಯತ್ನಕ್ಕೆ ಬೇಕಾದ ಗೋರಿಗಳು ಉಳಿದಿರುವಾಗಲೇ ಅದನ್ನು ಆರಂಭಿಸಬೇಕಾಗಿದೆ. ಜಡಿಗೇನಹಳ್ಳಿಯ ಉತ್ಖನನ ನಡೆದು ಆರು ದಶಕಗಳು ಸಂದಿವೆ. ಆ ಸೀಮೆಯ ಹೊಲಗಳು ನಿವೇಶನಗಳಾಗುವ ವೇಗವನ್ನು ನೋಡಿದರೆ, ಇನ್ನೊಂದು ಪೀಳಿಗೆ ಕಾಯಲು ಅವಕಾಶವಿಲ್ಲ.